ಕ್ಯಾಟ್: ಇನ್ನೊಮ್ಮೆ ಬರೆಯಬೇಕೇ, ಸಿಕ್ಕಿದ ಸೀಟಿಗೆ ಸೇರಬೇಕೇ?

ಪ್ರಶ್ನೆ:

ನಾನು ತಿಪಟೂರಿನ ಹತ್ತಿರದ ಹಳ್ಳಿಯವನು, ವಯಸ್ಸು 25. ಹತ್ತನೆಯ ತರಗತಿಯವರೆಗೆ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದೆ. ಎಸ್ಸೆಸ್ಸೆಲ್ಸಿಯಲ್ಲಿ ಶೇ 89, ಪಿಯುಸಿಯಲ್ಲಿ ಶೇ 78, ಎಂಜಿನಿಯರಿಂಗ್‌ನಲ್ಲಿ 7.3 ಸಿಜಿಪಿಎ ಬಂದಿದೆ. ಮೂರು ವರ್ಷಗಳಿಂದ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸದಲ್ಲಿದ್ದೇನೆ. ಐಐಎಂಗಳಂತಹ ಮ್ಯಾನೇಜ್‌ಮೆಂಟ್ ಸಂಸ್ಥೆಗಳಲ್ಲಿ ಎಂಬಿಎ ಸೇರಲು ಬರೆಯುವ ಕ್ಯಾಟ್ ಪ್ರವೇಶ ಪರೀಕ್ಷೆಯನ್ನು 2023ರಲ್ಲಿ ಮೊದಲ ಸಲ ಬರೆದಾಗ 84 ಪರ್ಸೆಂಟೈಲ್ ಬಂದಿತ್ತು. 2024ರಲ್ಲಿ ಮತ್ತೆ ಬರೆದೆ, 92.6 ಬಂತು. ಕ್ವಾಂಟ್‌ನಲ್ಲಿ (ಗಣಿತ) 96, ಡಿಐಎಲ್‌ಆರ್‌ನಲ್ಲಿ (ದತ್ತಾಂಶ ಮತ್ತು ತರ್ಕ) 86, ಇಂಗ್ಲಿಷ್ ವಿಭಾಗದಲ್ಲಿ ಮಾತ್ರ 71. ನನ್ನ ಉತ್ತರಗಳ ದಾಖಲೆಯಾದ ರೆಸ್ಪಾನ್ಸ್ ಶೀಟ್ ತೆಗೆದು ನೋಡಿದರೆ ಇಂಗ್ಲಿಷ್ ವಿಭಾಗದ 24 ಪ್ರಶ್ನೆಗಳಲ್ಲಿ 22ಕ್ಕೆ ಉತ್ತರಿಸಿದ್ದೇನೆ, ಸರಿಯಾಗಿರುವುದು 9. ಆಯ್ಕೆಗಳಿಲ್ಲದೆ ಉತ್ತರ ಬರೆಯುವ ನಾಲ್ಕೂ ಪ್ರಶ್ನೆಗಳು ತಪ್ಪಾಗಿವೆ.

ಯಾವ ಐಐಎಂನಿಂದಲೂ ಸಂದರ್ಶನಕ್ಕೆ ಕರೆ ಬರಲಿಲ್ಲ. ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಎರಡು ವರ್ಷಕ್ಕೆ ಒಟ್ಟು 14 ಲಕ್ಷ ರೂಪಾಯಿ. ಮುಂಗಡವಾಗಿ 50 ಸಾವಿರ ಕಟ್ಟಿದ್ದೇನೆ. ಸಾಲಕ್ಕೆ ಬ್ಯಾಂಕಿನವರು ತಿಪಟೂರಿನಲ್ಲಿ ಅಪ್ಪನ ಹೆಸರಿನಲ್ಲಿರುವ 30×40ರ ನಿವೇಶನವನ್ನು ಅಡಮಾನ ಕೇಳುತ್ತಿದ್ದಾರೆ. ಸಿಕ್ಕಿದ್ದನ್ನು ಬಿಡಬೇಡ ಎಂದು ಸೋದರಮಾವ ಹೇಳುತ್ತಾರೆ. ಕೆಲಸ ಬಿಟ್ಟು ಆರು ತಿಂಗಳು ಕೂತು ಓದು ಎಂದು ಗೆಳೆಯರು ಹೇಳುತ್ತಾರೆ. ಅಪ್ಪ ಏನೂ ಹೇಳುವುದಿಲ್ಲ, ನಿನಗೆ ಸರಿ ಕಂಡಂತೆ ಮಾಡು ಎನ್ನುತ್ತಾರೆ. ನಮ್ಮ ಸಮುದಾಯ ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿದೆ, ಆದರೆ ಕ್ಯಾಟ್ ಅರ್ಜಿಯಲ್ಲಿ ಎರಡು ಸಲವೂ ಜನರಲ್ ಎಂದೇ ತುಂಬಿದ್ದೆ. ಮೂರನೆಯ ಸಲ ಬರೆಯುವುದು ಸರಿಯೇ?

— ಹೆಸರು ಬೇಡ, ತಿಪಟೂರು ತಾಲ್ಲೂಕು

ಉತ್ತರ:

ಮೊದಲು ನನ್ನ ಅಭಿಪ್ರಾಯವನ್ನೇ ಹೇಳಿಬಿಡುತ್ತೇನೆ, ಕಾರಣಗಳನ್ನು ಆಮೇಲೆ ವಿವರಿಸುತ್ತೇನೆ. ನಿವೇಶನವನ್ನು ಅಡವಿಟ್ಟು ಈ ಸೀಟಿಗೆ ಸೇರುವುದು ಬೇಡ. ಬರುವ ನವೆಂಬರ್‌ನಲ್ಲಿ ಇನ್ನೊಮ್ಮೆ ಕ್ಯಾಟ್ ಬರೆಯಿರಿ, ಕೆಲಸವನ್ನು ಮಾತ್ರ ಬಿಡಬೇಡಿ. ಮೂರನೆಯ ಸಲ ಬರೆಯಲು ಹೊರಟ ಎಲ್ಲರಿಗೂ ನಾನು ಈ ಮಾತು ಹೇಳುವುದಿಲ್ಲ. ನಿಮ್ಮ ಅಂಕಗಳು ಎಲ್ಲಿ ಹೋಗಿವೆ ಎಂಬುದು ನಿಮ್ಮ ಪತ್ರದಲ್ಲಿಯೇ ಸ್ಪಷ್ಟವಾಗಿ ಕಾಣುತ್ತಿರುವುದರಿಂದ ಹೇಳುತ್ತಿದ್ದೇನೆ.

92.6 ಎಂಬ ಸಂಖ್ಯೆಯನ್ನು ಶಾಲೆಯ ಶೇಕಡಾವಾರು ಅಂಕದಂತೆ ಓದಿಕೊಂಡರೆ ಮನಸ್ಸು ದಾರಿ ತಪ್ಪುತ್ತದೆ. ಪರ್ಸೆಂಟೈಲ್ ಎಂದರೆ ಪರೀಕ್ಷೆ ಬರೆದ ನೂರು ಜನರಲ್ಲಿ ಎಷ್ಟು ಜನ ನಿಮಗಿಂತ ಹಿಂದಿದ್ದಾರೆ ಎಂಬ ಲೆಕ್ಕ. 2024ರ ಕ್ಯಾಟ್ ಬರೆದವರು ಸುಮಾರು 2.93 ಲಕ್ಷ ಜನ, ಅಂದರೆ ನಿಮಗಿಂತ ಮುಂದೆ ಹೆಚ್ಚುಕಡಿಮೆ 21,700 ಜನ ಇದ್ದಾರೆ. ಅದರ ಹಿಂದಿನ ವರ್ಷ ಬರೆದವರು ಸುಮಾರು 2.88 ಲಕ್ಷ, ಆಗ 84 ಪಡೆದ ನಿಮ್ಮ ಮುಂದಿದ್ದವರು 46,000. ಒಂದೇ ವರ್ಷದಲ್ಲಿ ನಿಮ್ಮ ಮುಂದಿನ ಸಾಲು ಅರ್ಧಕ್ಕಿಂತ ಚಿಕ್ಕದಾಗಿದೆ, ಅದೂ ಕೆಲಸ ಮಾಡಿಕೊಂಡೇ. ಇದನ್ನು ಸೋಲು ಎಂದು ನಾನು ಕರೆಯಲಾರೆ. ನಾನು ನಿಮಗೆ ಸೂಚಿಸುವ ಗುರಿಯಾದ 97ಕ್ಕೆ ತಲುಪಬೇಕಾದರೆ ಆ ಸಾಲು ಸುಮಾರು 8,800ಕ್ಕೆ ಇಳಿಯಬೇಕು. ದಾಟಬೇಕಾದವರ ಸಂಖ್ಯೆ ದೊಡ್ಡದಾಗಿ ಕಂಡರೂ ಅಂಕಗಳ ಲೆಕ್ಕದಲ್ಲಿ ಅಂತರ ಅಷ್ಟು ದೊಡ್ಡದಲ್ಲ, ಏಕೆಂದರೆ 68 ಪ್ರಶ್ನೆಗಳ, 204 ಅಂಕಗಳ ಈ ಪರೀಕ್ಷೆಯಲ್ಲಿ 99 ಪರ್ಸೆಂಟೈಲ್ ಪಡೆಯುವವರೂ ಅರ್ಧಕ್ಕಿಂತ ಕಡಿಮೆ ಅಂಕ ಗಳಿಸಿರುತ್ತಾರೆ. ನೀವಿರುವ ಜಾಗದಲ್ಲಿ ಜನ ಒತ್ತೊತ್ತಾಗಿ ನಿಂತಿದ್ದಾರೆ. ಐದಾರು ಸರಿಯುತ್ತರಗಳಷ್ಟು ಮುಂದೆ ಹೋದರೆ ಸಾವಿರಾರು ಜನ ಹಿಂದೆ ಉಳಿಯುತ್ತಾರೆ.

ಆ ಐದಾರು ಉತ್ತರಗಳು ಎಲ್ಲಿವೆ ಎಂದು ನಿಮ್ಮ ರೆಸ್ಪಾನ್ಸ್ ಶೀಟ್ ಹೇಳುತ್ತಿದೆ. ಸರಿಯಾದ 9 ಉತ್ತರಗಳಿಗೆ ತಲಾ 3ರಂತೆ 27 ಅಂಕ ಬಂದಿದೆ. ತಪ್ಪಾದ 13ರಲ್ಲಿ ಆಯ್ಕೆಗಳಿಲ್ಲದ ನಾಲ್ಕಕ್ಕೆ ಅಂಕ ಕಳೆಯುವುದಿಲ್ಲ, ಉಳಿದ 9ಕ್ಕೆ ತಲಾ ಒಂದು ಕಳೆದು 18 ಉಳಿದಿದೆ. ಈ ವಿಭಾಗದಲ್ಲಿ 16 ಪ್ರಶ್ನೆಗಳು ನಾಲ್ಕು ಗದ್ಯಭಾಗಗಳ ಮೇಲೆ ಬರುತ್ತವೆ, ಉಳಿದ 8 ವಾಕ್ಯಗಳನ್ನು ಜೋಡಿಸುವುದು, ಸಾರಾಂಶ ಆರಿಸುವುದು ಮುಂತಾದವು. 40 ನಿಮಿಷದಲ್ಲಿ ನೀವು ನಾಲ್ಕೂ ಗದ್ಯಭಾಗಗಳನ್ನು ಓಡುತ್ತಾ ಓದಿದ್ದೀರಿ ಎಂದು ನನ್ನ ಊಹೆ. ಇದಕ್ಕೆ ಬದಲಾಗಿ ಒಂದನ್ನು ಮುಟ್ಟದೆಯೇ ಬಿಟ್ಟು, ಮೂರನ್ನು ಸಾವಧಾನವಾಗಿ ಓದಿ, ಅವುಗಳ 12 ಪ್ರಶ್ನೆಗಳಲ್ಲಿ 8ನ್ನು ಸರಿ ಮಾಡಿದಿರಿ ಎನ್ನೋಣ. ಉಳಿದ ಎಂಟರಲ್ಲಿ ಆಯ್ಕೆಗಳಿರುವ ನಾಲ್ಕರಲ್ಲಿ ಎರಡು, ಆಯ್ಕೆಗಳಿಲ್ಲದ ನಾಲ್ಕರಲ್ಲಿ ಒಂದು ಸರಿಯಾದರೆ ಒಟ್ಟು 11 ಸರಿ, ಅಂಕ ಕಳೆಯುವ ತಪ್ಪು 6, ಕೈಗೆ ಬರುವುದು 27. ಸರಿಯುತ್ತರ ಹೆಚ್ಚಾದದ್ದು ಎರಡೇ, ಅಂಕ ಹೆಚ್ಚಾದದ್ದು ಒಂಬತ್ತು. ಹೊಸದೇನನ್ನೂ ಕಲಿಯದೆ, ಬಿಡಬೇಕಾದದ್ದನ್ನು ಬಿಟ್ಟದ್ದರಿಂದಲೇ ಬಹುಪಾಲು ಬಂದ ಅಂಕ ಇದು.

ಆದರೆ ಅಷ್ಟೇ ಸಾಲದು. ಬಹುತೇಕ ಐಐಎಂಗಳು ಒಟ್ಟು ಪರ್ಸೆಂಟೈಲ್ ಜೊತೆಗೆ ಪ್ರತಿ ವಿಭಾಗದಲ್ಲಿಯೂ ಇಂತಿಷ್ಟು ಕನಿಷ್ಠ ಎಂದು ನಿಗದಿ ಮಾಡುತ್ತವೆ, ಮತ್ತು 71 ಎಂಬುದು ಅಲ್ಲಿ ಎಡವಿಸುವ ಸಂಖ್ಯೆ. ಕ್ವಾಂಟ್‌ನಲ್ಲಿ 96 ಇರುವುದನ್ನು 99 ಮಾಡಿದರೂ ಈ ಕೊರತೆ ತುಂಬುವುದಿಲ್ಲ. ಆದ್ದರಿಂದ ಕ್ವಾಂಟ್ ಚೆನ್ನಾಗಿ ಬರುತ್ತದೆ, ಸಂತೋಷವೂ ಕೊಡುತ್ತದೆ ಎಂದು ರಾತ್ರಿಯೆಲ್ಲ ಅದನ್ನೇ ಮಾಡುವ ಅಭ್ಯಾಸವಿದ್ದರೆ ದಯವಿಟ್ಟು ಕಡಿಮೆ ಮಾಡಿ.

ಕನ್ನಡ ಮಾಧ್ಯಮದಲ್ಲಿ ಓದಿದವರು ಈ ವಿಭಾಗಕ್ಕೆ ಹೆದರಿ ಇಂಗ್ಲಿಷ್ ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡಲು ಕೂರುವುದನ್ನು ನಾನು ವರ್ಷ ವರ್ಷವೂ ನೋಡುತ್ತೇನೆ, ಪ್ರತಿ ಸಲವೂ ಸಂಕಟವಾಗುತ್ತದೆ. ಪದಗಳ ಅರ್ಥ, ವ್ಯಾಕರಣದ ತಪ್ಪು ಕೇಳುವ ನೇರ ಪ್ರಶ್ನೆಗಳು ಈಗ ಕ್ಯಾಟ್‌ನಲ್ಲಿ ಬರುವುದಿಲ್ಲ. ಅಲ್ಲಿ ಕೊಡುವುದು ಮಾನವಶಾಸ್ತ್ರ, ಪರಿಸರ, ಅರ್ಥಶಾಸ್ತ್ರ, ತತ್ತ್ವಶಾಸ್ತ್ರದ ಮೇಲಿನ ಪ್ರಬಂಧಗಳ ತುಣುಕುಗಳು. ಲೇಖಕರು ಯಾವ ವಾದವನ್ನು ಒಪ್ಪುತ್ತಾರೆ, ಯಾವುದನ್ನು ಖಂಡಿಸಲೆಂದೇ ಎತ್ತಿಕೊಂಡಿದ್ದಾರೆ, ಹೇಳದೆ ಬಿಟ್ಟ ಊಹೆ ಯಾವುದು ಎಂದು ಕೇಳುತ್ತಾರೆ. ನಾಲ್ಕು ಆಯ್ಕೆಗಳಲ್ಲಿ ಎರಡು ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತವೆ. ‘ಕೆಲವೊಮ್ಮೆ’ ಎಂದು ಲೇಖಕರು ಹೇಳಿದ್ದನ್ನು ‘ಯಾವಾಗಲೂ’ ಎಂದು ಹಿಗ್ಗಿಸಿದ ಆಯ್ಕೆಯೇ ಬಹಳ ಜನರನ್ನು ಬೀಳಿಸುತ್ತದೆ. ಇದು ಇಂಗ್ಲಿಷ್ ಜ್ಞಾನದ ಪರೀಕ್ಷೆ ಎನ್ನುವುದಕ್ಕಿಂತ ವಾದವೊಂದರ ಜಾಡು ಹಿಡಿದು ಓದುವ ಶಕ್ತಿಯ ಪರೀಕ್ಷೆ. ಆ ಶಕ್ತಿಯನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿದವರು ತಮ್ಮೊಂದಿಗೇ ತಂದಿರುತ್ತಾರೆ, ಅದನ್ನು ಇನ್ನೊಂದು ಭಾಷೆಗೆ ದಾಟಿಸಬೇಕಷ್ಟೆ.

ಹೀಗೆ ಮಾಡಿ ನೋಡಿ. ದಿನಕ್ಕೆ ಒಂದೇ ಒಂದು ಇಂಗ್ಲಿಷ್ ಪ್ರಬಂಧವನ್ನು, ಪರೀಕ್ಷೆಯ ಗದ್ಯಭಾಗಕ್ಕಿಂತ ಮೂರು ನಾಲ್ಕು ಪಟ್ಟು ಉದ್ದದ್ದನ್ನು, ನಿಮಗೆ ಆಸಕ್ತಿಯೇ ಇಲ್ಲದ ವಿಷಯದ ಮೇಲಿನದ್ದನ್ನು ಆರಿಸಿಕೊಂಡು ಪೂರ್ತಿ ಓದಿ. ನಡುವೆ ನಿಘಂಟು ತೆಗೆಯಬೇಡಿ. ಮುಗಿದ ಮೇಲೆ ಪುಟ ಮುಚ್ಚಿ, ಲೇಖಕರು ಏನು ಹೇಳಿದರು, ಯಾರ ಮಾತಿಗೆ ಎದುರಾಗಿ ಹೇಳಿದರು ಎಂಬುದನ್ನು ಕನ್ನಡದಲ್ಲಿ ಎರಡು ವಾಕ್ಯಗಳಲ್ಲಿ ಬರೆಯಿರಿ. ಇಂಗ್ಲಿಷ್‌ನಲ್ಲಿಯೇ ಬರೆದರೆ ಮೂಲದ ವಾಕ್ಯಗಳನ್ನೇ ಎತ್ತಿಟ್ಟು ಅರ್ಥವಾಯಿತು ಎಂದುಕೊಳ್ಳುವ ಅಪಾಯವಿದೆ. ಕನ್ನಡದಲ್ಲಿ ಬರೆಯಲು ಕುಳಿತಾಗ ಅರ್ಥವಾಗದೆ ಉಳಿದದ್ದು ತಾನಾಗಿ ಬಯಲಾಗುತ್ತದೆ. ಮೊದಲ ತಿಂಗಳು ಬೇಸರವಾಗುತ್ತದೆ. ಎರಡನೆಯ ತಿಂಗಳ ಕೊನೆಗೆ ಓದಿನ ವೇಗವನ್ನು ಅಳೆಯಿರಿ. ನಿಮ್ಮ ಕೈಯಲ್ಲಿ ಸುಮಾರು ಆರು ತಿಂಗಳಿದೆ, ಈ ಅಭ್ಯಾಸ ಮೈಗೂಡಲು ಅದು ಸಾಕು. ಆದರೆ ಇದನ್ನು ಸೆಪ್ಟೆಂಬರ್‌ನಲ್ಲಿ ಆರಂಭಿಸಿದರೆ ಸಾಲುವುದಿಲ್ಲ.

ಇಲ್ಲಿ ನನ್ನದೊಂದು ಅನುಭವ ಹೇಳಬೇಕು. ಕ್ಯಾಟ್ 2009ರಲ್ಲಿ ಕಂಪ್ಯೂಟರಿಗೆ ಬಂತು. ಅದಕ್ಕೆ ಮೊದಲು, ಕಾಗದದ ಮೇಲೆ ನಡೆಯುತ್ತಿದ್ದ ಕಾಲದಲ್ಲಿ, ನಾನೂ ಎರಡು ಸಲ ಬರೆದೆ. ಮೊದಲ ಸಲ ಕಡಿಮೆ ಬಂದಾಗ ಇನ್ನೂ ಹೆಚ್ಚು ಹೊತ್ತು ಓದಬೇಕು ಎಂದುಕೊಂಡೆನೇ ಹೊರತು ಎಲ್ಲಿ ತಪ್ಪಿದೆ ಎಂದು ಒಂದು ದಿನವೂ ಕುಳಿತು ನೋಡಲಿಲ್ಲ. ಅದೇ ಪುಸ್ತಕಗಳನ್ನು ಅದೇ ಕ್ರಮದಲ್ಲಿ ಮತ್ತೆ ಮಾಡಿದೆ, ಫಲಿತಾಂಶ ಹೆಚ್ಚುಕಡಿಮೆ ಅಲ್ಲಿಯೇ ನಿಂತಿತು. ಕಳೆದುಹೋದ ಆ ವರ್ಷ ಇಂದಿಗೂ ನನ್ನನ್ನು ಕಾಡುತ್ತದೆ. ಅದಕ್ಕಾಗಿಯೇ, ಮೂರು ವಿಭಾಗಗಳಲ್ಲಿಯೂ ಸಮನಾಗಿ ಕಡಿಮೆ ಬಂದವರಿಗೆ, ಎರಡು ವರ್ಷವೂ ಅದೇ ಅಂಕ ಬಂದವರಿಗೆ, ಪರೀಕ್ಷೆಗೆ ಮೊದಲು ಬರೆದ ಒಂದು ಮಾಕ್ ಟೆಸ್ಟ್‌ನಲ್ಲಿಯೂ ಗುರಿಯ ಹತ್ತಿರ ಹೋಗದವರಿಗೆ ‘ಇನ್ನೊಮ್ಮೆ ಬರೆಯಿರಿ’ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಸಿದ್ಧತೆಯಲ್ಲಿ ಇಂತಹುದನ್ನು ಬದಲಾಯಿಸುತ್ತೇನೆ ಎಂದು ಬೆರಳಿಟ್ಟು ತೋರಿಸಲಾಗದಿದ್ದರೆ ಮತ್ತೆ ಬರೆಯುವುದಕ್ಕೆ ಅರ್ಥವಿಲ್ಲ.

ಗುರಿಯನ್ನೂ ಈಗಲೇ ಹೆಸರಿಟ್ಟು ಬರೆದುಕೊಳ್ಳಿ. ಬನ್ನೇರುಘಟ್ಟ ರಸ್ತೆಯ ಐಐಎಂ ಬೆಂಗಳೂರು ಸಂದರ್ಶನಕ್ಕೆ ಕರೆಯುವಾಗ ಕ್ಯಾಟ್ ಅಂಕವನ್ನಷ್ಟೇ ನೋಡುವುದಿಲ್ಲ. ಹತ್ತನೆಯ ತರಗತಿ, ಪಿಯುಸಿ ಮತ್ತು ಪದವಿಯ ಅಂಕಗಳಿಗೂ ಕೆಲಸದ ಅನುಭವಕ್ಕೂ ಅಲ್ಲಿ ತೂಕವಿದೆ. ನಿಮ್ಮ ಪಿಯುಸಿಯ 78 ಇನ್ನು ಬದಲಾಗುವುದಿಲ್ಲ, ಹಾಗಾಗಿ 97 ಬಂದರೂ ಅಲ್ಲಿ ಕರೆ ಸಿಗುವುದು ಕಷ್ಟ. ಅದೇ ಅಂಕಕ್ಕೆ ಕಾಶೀಪುರ, ರಾಯ್‌ಪುರ, ರಾಂಚಿ ಮುಂತಾದ ಹೊಸ ಐಐಎಂಗಳಲ್ಲಿ ಅವಕಾಶ ಖಂಡಿತ ಹೆಚ್ಚು. ಮೂರನೆಯ ಸಲ ಬರೆದದ್ದರಿಂದ ಹೆಸರು ಕೆಡುತ್ತದೆ ಎಂಬ ಅಂಜಿಕೆಯೂ ಬೇಡ. ಪ್ರಯತ್ನಗಳಿಗೆ ಮಿತಿಯಿಲ್ಲ, ಸಂಸ್ಥೆಗಳು ಪರಿಗಣಿಸುವುದು ಆ ವರ್ಷದ ಅಂಕವನ್ನು ಮಾತ್ರ.

ಈಗ ನಿಮ್ಮ ಪತ್ರದ ಕೊನೆಯಲ್ಲಿರುವ ಹಿಂದುಳಿದ ವರ್ಗದ ಮಾತಿಗೆ ಬರುತ್ತೇನೆ. ನೀವು ಅದನ್ನು ಸುಮ್ಮನೆ ಸೇರಿಸಿದಂತಿದೆ, ನನಗೆ ಮಾತ್ರ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. ಐಐಎಂಗಳು ಕೇಂದ್ರದ ಸಂಸ್ಥೆಗಳಾದ್ದರಿಂದ ಅಲ್ಲಿ ರಾಜ್ಯದ 2ಎ, 3ಎ, 3ಬಿ ಪ್ರಮಾಣಪತ್ರ ನಡೆಯುವುದಿಲ್ಲ, ಕೇಂದ್ರದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ನಿಮ್ಮ ಸಮುದಾಯದ ಹೆಸರಿರಬೇಕು. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಸಮುದಾಯಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ, ಕೆಲವು ಕಡೆ ಒಂದು ಉಪಪಂಗಡ ಇದ್ದು ಇನ್ನೊಂದು ಇರುವುದಿಲ್ಲ. ಆದ್ದರಿಂದ ನಿಮ್ಮ ಶಾಲಾ ದಾಖಲೆಯಲ್ಲಿರುವ ಹೆಸರನ್ನೇ ಇಟ್ಟುಕೊಂಡು ಕರ್ನಾಟಕಕ್ಕೆ ಸಂಬಂಧಿಸಿದ ಕೇಂದ್ರದ ಪಟ್ಟಿಯನ್ನು ನೋಡಿ. ಹೆಸರಿದ್ದು, ಕೆನೆಪದರಕ್ಕೆ ಸೇರದಿದ್ದರೆ ನಾಡಕಚೇರಿಯಲ್ಲಿ ಕೇಂದ್ರದ ನಮೂನೆಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ. ಶೇ 27ರ ಮೀಸಲಾತಿಗೆ ನೀವು ಅರ್ಹರಾಗಿದ್ದೂ ಎರಡು ಸಲ ಜನರಲ್ ಎಂದು ತುಂಬಿದ್ದರೆ, ಕಟ್ ಆಫ್ ಕಡಿಮೆಯಿರುವ ವರ್ಗದಲ್ಲಿ ನಿಮ್ಮ 92.6ಕ್ಕೆ ಈ ವರ್ಷವೇ ಕರೆ ಬರುವ ಸಾಧ್ಯತೆಯಿತ್ತು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಉಳಿಯುವುದು ಆರ್ಥಿಕವಾಗಿ ಹಿಂದುಳಿದವರ ಶೇ 10. ಅದಕ್ಕೆ ಕುಟುಂಬದ ವಾರ್ಷಿಕ ವರಮಾನ 8 ಲಕ್ಷಕ್ಕಿಂತ ಕಡಿಮೆ, ಕೃಷಿ ಜಮೀನು 5 ಎಕರೆಗಿಂತ ಕಡಿಮೆ ಇರಬೇಕು, ನಗರಸಭೆಯ ವ್ಯಾಪ್ತಿಯಲ್ಲಿ 100 ಚದರ ಗಜ ಅಥವಾ ಅದಕ್ಕಿಂತ ದೊಡ್ಡ ನಿವೇಶನ ಇರಬಾರದು. 30×40 ಎಂದರೆ 133 ಚದರ ಗಜ. ಅಪ್ಪನ ಆ ನಿವೇಶನ ನಗರಸಭೆಯ ಒಳಗಿದ್ದರೆ ಈ ದಾರಿ ಮುಚ್ಚಿದಂತೆಯೇ ಸರಿ. ಏನೇ ಇರಲಿ, ಆಗಸ್ಟ್‌ನಲ್ಲಿ ನೋಂದಣಿ ಆರಂಭವಾಗುವ ಮೊದಲೇ ಇದನ್ನು ತೀರ್ಮಾನಿಸಿಕೊಳ್ಳಿ, ಏಕೆಂದರೆ ನೋಂದಣಿ ಮುಗಿದ ಮೇಲೆ ವರ್ಗವನ್ನು ಬದಲಾಯಿಸಲು ಬಿಡುವುದಿಲ್ಲ.

ಸೀಟಿನ ವಿಚಾರ. 14 ಲಕ್ಷಕ್ಕೆ ಶೇ 11ರ ಬಡ್ಡಿಯಲ್ಲಿ ಹತ್ತು ವರ್ಷದ ಕಂತು ತಿಂಗಳಿಗೆ ಸುಮಾರು 19,300 ರೂಪಾಯಿ ಆಗುತ್ತದೆ, ಓದುವ ಕಾಲದಲ್ಲಿ ಬೆಳೆಯುವ ಬಡ್ಡಿ ಬೇರೆ, ಎರಡು ವರ್ಷ ನಿಂತುಹೋಗುವ ನಿಮ್ಮ ಸಂಬಳ ಇನ್ನೂ ಬೇರೆ. ಆ ಕಾಲೇಜಿನಿಂದ ಹೊರಬಂದ, ನಿಮ್ಮಂತೆಯೇ ಮೂರು ವರ್ಷ ಅನುಭವವಿದ್ದ ನಾಲ್ಕೈದು ಜನರನ್ನು ಹುಡುಕಿ ಮಾತನಾಡಿಸಿ, ಕೈಗೆ ಬರುವ ಸಂಬಳ ಎಷ್ಟು ಎಂದು ಕೇಳಿ. ಕಾಲೇಜಿನ ಕೈಪಿಡಿಯಲ್ಲಿರುವ ಸರಾಸರಿಯನ್ನು ನಂಬಿ ನಿವೇಶನದ ಪತ್ರಕ್ಕೆ ಅಪ್ಪನ ಸಹಿ ಹಾಕಿಸಬೇಡಿ. ಇನ್ನೊಂದು ವಿಷಯವನ್ನು ಬ್ಯಾಂಕಿನಲ್ಲಿ ವಿಚಾರಿಸಿ. 2024ರ ನವೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಉನ್ನತ ಸಂಸ್ಥೆಗಳಿಗೆ ಸೇರುವವರಿಗೆ ಅಡಮಾನವಿಲ್ಲದೆ, ಜಾಮೀನಿಲ್ಲದೆ ಸಾಲ ಸಿಗುತ್ತದೆ. ನಿಮ್ಮ ಕಾಲೇಜು ಆ ಪಟ್ಟಿಯಲ್ಲಿದೆಯೇ? ಇಲ್ಲದಿದ್ದರೆ ಅದೂ ನಿಮಗೊಂದು ಸೂಚನೆ. ಕಟ್ಟಿದ 50 ಸಾವಿರದ ಬಗ್ಗೆ ಚಿಂತೆ ಬೇಡ. ಎಐಸಿಟಿಇ (ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ) ಮಾನ್ಯತೆಯ ಕಾಲೇಜಾದರೆ, ಕೋರ್ಸ್ ಆರಂಭವಾಗುವ ಮೊದಲು ಸೀಟು ಬಿಟ್ಟವರಿಗೆ 1,000 ರೂಪಾಯಿ ಮೀರದಂತೆ ಹಿಡಿದುಕೊಂಡು ಉಳಿದದ್ದನ್ನು ಮರಳಿಸಬೇಕೆಂಬ ನಿಯಮವಿದೆ. ಬಾಯಿಮಾತಿನಲ್ಲಿ ಹೇಳದೆ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.

ಕೆಲಸ ಬಿಡುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ನಿಮಗೆ ಬೇಕಾದದ್ದು ದಿನಕ್ಕೆ ಎರಡು ಗಂಟೆಯ ಓದು ಮತ್ತು ವಾರಕ್ಕೊಂದು ಮಾಕ್ ಟೆಸ್ಟ್, ಹತ್ತು ಗಂಟೆಯ ಓದಲ್ಲ. ಸಂಬಳ ನಿಂತ ದಿನದಿಂದ ಪ್ರತಿ ಮಾಕ್ ಟೆಸ್ಟ್‌ನ ಅಂಕವೂ ಭಯ ಹುಟ್ಟಿಸತೊಡಗುತ್ತದೆ, ಹೆದರಿದವರು ಬಿಡಬೇಕಾದ ಪ್ರಶ್ನೆಯನ್ನು ಬಿಡಲಾರರು, ನಿಮ್ಮ ಸಮಸ್ಯೆಯೇ ಅದು.

ಕ್ಯಾಟ್ ಒಂದನ್ನೇ ನೆಚ್ಚಿಕೊಳ್ಳಬೇಡಿ, ಎಂಬಿಎಗೆ ಬೇರೆ ಪ್ರವೇಶ ಪರೀಕ್ಷೆಗಳೂ ಇವೆ. ಎನ್‌ಮ್ಯಾಟ್‌ನಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ, ಒಂದೇ ವರ್ಷದಲ್ಲಿ ಮೂರು ಸಲ ಬರೆಯಬಹುದು. ಸ್ನ್ಯಾಪ್ ಅನ್ನೂ ಮೂರು ಸಲ ಬರೆಯಬಹುದು, ಮೂರರಲ್ಲಿ ಉತ್ತಮವಾದದ್ದನ್ನು ಪರಿಗಣಿಸುತ್ತಾರೆ, ಆದರೆ ಅದರಲ್ಲಿ ತಪ್ಪಿಗೆ ಅಂಕ ಕಳೆಯುತ್ತಾರೆ. ಕಡಿಮೆ ಶುಲ್ಕದಲ್ಲಿ ಎಂಬಿಎ ಮಾಡಬೇಕೆಂದಿದ್ದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪಿಜಿಸಿಇಟಿ ಬರೆದು ಮೈಸೂರು ವಿಶ್ವವಿದ್ಯಾಲಯದಂತಹ ಕಡೆ ಸೇರುವುದು, 14 ಲಕ್ಷ ಸಾಲ ಮಾಡಿ ಹೆಸರಿಲ್ಲದ ಕಾಲೇಜಿಗೆ ಸೇರುವುದಕ್ಕಿಂತ ನನ್ನ ದೃಷ್ಟಿಯಲ್ಲಿ ಎಷ್ಟೋ ಮೇಲು. ಮತ್ತು ಅಕ್ಟೋಬರ್ ಕೊನೆಯ ಹೊತ್ತಿಗೆ ನಿಮ್ಮ ಕೊನೆಯ ಐದು ಮಾಕ್ ಟೆಸ್ಟ್‌ಗಳಲ್ಲಿ ಇಂಗ್ಲಿಷ್ ವಿಭಾಗ 85ನ್ನು ದಾಟದಿದ್ದರೆ, ಈ ಸಲ ಪರೀಕ್ಷೆ ಬರೆದು ಅಲ್ಲಿಗೆ ನಿಲ್ಲಿಸಿ, ನಾಲ್ಕನೆಯದು ಬೇಡ. ಈ ಮಾತನ್ನು ಅಪ್ಪನಿಗೂ ಈಗಲೇ ಹೇಳಿಡಿ. ಅವರು ಏನೂ ಹೇಳದೆ ಇರುವುದು ನಿಮ್ಮ ಮೇಲಿನ ನಂಬಿಕೆಯಿಂದ, ಅವರಿಗೆ ಲೆಕ್ಕ ಪೂರ್ತಿ ಗೊತ್ತಿರಬೇಕು.

ಪ್ರಶ್ನೆ:

ಬೆಂಗಳೂರಿನಲ್ಲಿ ಏಳು ವರ್ಷಗಳಿಂದ ಕೆಲಸದಲ್ಲಿದ್ದೇನೆ. ಮ್ಯಾನೇಜ್‌ಮೆಂಟ್ ಕೋರ್ಸ್‌ಗಳ ಅಂತರರಾಷ್ಟ್ರೀಯ ಪ್ರವೇಶ ಪರೀಕ್ಷೆಯಾದ ಜಿಮ್ಯಾಟ್‌ನಲ್ಲಿ 625 ಬಂದಿದೆ. ಐಎಸ್‌ಬಿಗೆ (ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್) ಮತ್ತು ಐಐಎಂ ಬೆಂಗಳೂರಿನಲ್ಲಿ ಕೆಲಸದ ಅನುಭವ ಇರುವವರಿಗಾಗಿ ಇರುವ ಒಂದು ವರ್ಷದ ಕೋರ್ಸ್ ಇಪಿಜಿಪಿಗೆ ಅರ್ಜಿ ಹಾಕಬೇಕೆಂದಿದ್ದೇನೆ. 700 ಇಲ್ಲದಿದ್ದರೆ ಪ್ರಯೋಜನವಿಲ್ಲ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಮತ್ತೆ ಬರೆಯಲೇ?

— ಓದುಗಿ, ಬೆಂಗಳೂರು

ಉತ್ತರ:

ನಿಮ್ಮ ಸಹೋದ್ಯೋಗಿಗಳು ಹಳೆಯ ಪರೀಕ್ಷೆಯ ಅಳತೆಯಲ್ಲಿ ಮಾತನಾಡುತ್ತಿದ್ದಾರೆ. 2023ರ ನವೆಂಬರ್‌ನಲ್ಲಿ ಬಂದ ಹೊಸ ಜಿಮ್ಯಾಟ್‌ನ ಅಂಕ 205ರಿಂದ 805ರವರೆಗೆ ಇರುತ್ತದೆ, ಹಳೆಯ 700ಕ್ಕೆ ಸಮನಾದದ್ದು ಇದರಲ್ಲಿ 645. ಅಂದರೆ ನೀವು 75 ಅಂಕ ಹಿಂದಿಲ್ಲ, 20 ಅಂಕ ಹಿಂದಿದ್ದೀರಿ.

ಮೇಲಿನ ಓದುಗರ ಸ್ಥಿತಿಗೂ ನಿಮ್ಮ ಸ್ಥಿತಿಗೂ ದೊಡ್ಡ ವ್ಯತ್ಯಾಸವಿದೆ. ಕ್ಯಾಟ್ ವರ್ಷಕ್ಕೊಮ್ಮೆ ಮಾತ್ರ ನಡೆಯುತ್ತದೆ, ಜಿಮ್ಯಾಟ್ ಅನ್ನು 16 ದಿನ ಕಳೆದ ಮೇಲೆ ಮತ್ತೆ ಬರೆಯಬಹುದು, 12 ತಿಂಗಳಲ್ಲಿ ಐದು ಸಲದವರೆಗೆ. ಅಂಕ ಐದು ವರ್ಷ ಚಾಲ್ತಿಯಲ್ಲಿರುತ್ತದೆ, ಯಾವ ಸಲದ ಅಂಕವನ್ನು ಕಳುಹಿಸಬೇಕೆಂದು ಫಲಿತಾಂಶ ನೋಡಿದ ಮೇಲೆ ನೀವೇ ತೀರ್ಮಾನಿಸಬಹುದು. ಮತ್ತೆ ಬರೆದು ಕಡಿಮೆ ಬಂದರೆ ಹೋಗುವುದು ಶುಲ್ಕ ಮತ್ತು ಸಮಯ ಮಾತ್ರ.

ಆದರೂ ಒಂದನ್ನು ನೋಡಿಕೊಳ್ಳಿ. ಪರೀಕ್ಷೆಗೆ ಮೊದಲು ಜಿಮ್ಯಾಟ್‌ನವರದೇ ಅಭ್ಯಾಸ ಪರೀಕ್ಷೆಗಳನ್ನು ಬರೆದಿರುತ್ತೀರಿ. ಅವುಗಳಲ್ಲಿ 655, 665 ಬಂದು ನಿಜವಾದ ದಿನ 625 ಬಂದಿದ್ದರೆ ಒಂದೂವರೆ ತಿಂಗಳ ಒಳಗೆ ಮತ್ತೆ ಬರೆಯಿರಿ, ಕಲಿತದ್ದು ಮರೆಯುವ ಮೊದಲು. ಅಲ್ಲಿಯೂ 615, 625 ಬರುತ್ತಿದ್ದರೆ ಪರೀಕ್ಷೆ ನಿಮ್ಮನ್ನು ಸರಿಯಾಗಿಯೇ ಅಳೆದಿದೆ, ಎರಡು ಮೂರು ತಿಂಗಳ ಹೊಸ ಓದಿಲ್ಲದೆ ಅಂಕ ಏರುವುದಿಲ್ಲ. ಮೂರು ವಿಭಾಗಗಳಿಗೂ ಸಮಾನ ತೂಕವಿದೆ. ಎಂಜಿನಿಯರಿಂಗ್ ಓದಿದವರು ಸಾಮಾನ್ಯವಾಗಿ ಕಡೆಗಣಿಸುವುದು ದತ್ತಾಂಶ ವಿಶ್ಲೇಷಣೆಯ ವಿಭಾಗವಾದ ಡೇಟಾ ಇನ್‌ಸೈಟ್ಸ್ ಅನ್ನು, 45 ನಿಮಿಷಕ್ಕೆ 20 ಪ್ರಶ್ನೆಗಳ ಆ ವಿಭಾಗದಲ್ಲಿಯೇ ನಿಮಗೆ ಬೇಕಾದ 20 ಅಂಕಗಳು ಸಿಗಬಹುದು. ಏಳು ವರ್ಷ ಅನುಭವವಿರುವವರ ಅರ್ಜಿಯಲ್ಲಿ ನೀವು ಮಾಡಿದ ಕೆಲಸ, ಹೊತ್ತ ಹೊಣೆ, ಬರೆಯುವ ಪ್ರಬಂಧಗಳಿಗೆ ಬಹಳ ಬೆಲೆಯಿದೆ. ಅರ್ಜಿಯ ಮೊದಲ ಸುತ್ತಿನ ಕೊನೆಯ ದಿನಾಂಕವನ್ನು ನೋಡಿ, ಅದಕ್ಕೆ ಆರು ವಾರ ಮೊದಲೇ ಎರಡನೆಯ ಪ್ರಯತ್ನ ಮುಗಿಯುವಂತಿದ್ದರೆ ಮಾತ್ರ ದಿನ ಗೊತ್ತುಮಾಡಿಕೊಳ್ಳಿ. ಇಲ್ಲವಾದರೆ 625 ಇಟ್ಟುಕೊಂಡೇ ಪ್ರಬಂಧಗಳನ್ನು ಬರೆಯಲು ಕುಳಿತುಕೊಳ್ಳಿ.